ಅಂಗುಲದ ಹತ್ತನೇ ಒಂದು ಪಾಲು

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇಎಸ್‌ಪಿ-12 ಎಂಬ ವೈಫೈ ಮಾಡ್ಯೂಲು ಕೇಳಿದರೆ, ‘ಪ್ಲೇಟೂ ಕೊಡ್ಲಾ ಸಾರ್?’ ಎಂಬ ಪ್ರಶ್ನೆ ಬರುವುದುಂಟು. ಪ್ಲೇಟ್ ಎಂದರೆ ಹೆಬ್ಬೆರಳಿನಷ್ಟಗಲದ ಬಿಳಿ ಪಿಸಿಬಿ. ಮಾಡ್ಯೂಲನ್ನು ಅದರ ಮೇಲಿಟ್ಟು ಬೆಸುಗೆ ಹಾಕಿ, ಎರಡೂ ಬದಿಗೆ ಬರ್ಗ್ ಸ್ಟ್ರಿಪ್ ಎಂಬ ಪಿನ್ನಿನ ಪಟ್ಟಿ ಸೇರಿಸಿದರೆ ಅದು, ಬೆಸುಗೆಯಿಲ್ಲದೆ ಸರ್ಕಿಟ್ ಜೋಡಿಸುವ ತೂತಿನ ಹಲಗೆಯಾದ ಬ್ರೆಡ್‌ಬೋರ್ಡಿನಲ್ಲಿ ಕೂರುತ್ತದೆ. ಪ್ಲೇಟಿಲ್ಲದೆ ಕೂರುವುದಿಲ್ಲ. ಮಾಡ್ಯೂಲಿನ ಕಾಲುಗಳ ನಡುವಿನ ಅಂತರ 2 ಮಿಲಿಮೀಟರ್, ಬ್ರೆಡ್‌ಬೋರ್ಡಿನ ತೂತುಗಳದ್ದು 2.54. ವ್ಯತ್ಯಾಸ ಅರ್ಧ ಮಿಲಿಮೀಟರು ಚಿಲ್ಲರೆ, ಆದರೆ ಎಂಟನೇ ಕಾಲಿಗೆ ಬರುವಷ್ಟರಲ್ಲಿ ಸುಮಾರು ನಾಲ್ಕು ಮಿಲಿಮೀಟರು ತಪ್ಪಿಹೋಗಿರುತ್ತದೆ.

ಈ ಪ್ಲೇಟಿನಂಥ ಅಡಾಪ್ಟರ್ ಬೋರ್ಡುಗಳಿಗೆ ದೊಡ್ಡ ಇತಿಹಾಸವಿದೆ ಎಂದರೆ ಎಂಜಿನಿಯರುಗಳೂ ನಗಬಹುದು. ಇವುಗಳಲ್ಲಿ ಹೊಸ ಚಿಪ್ಪಿಲ್ಲ, ಹೊಸ ಸರ್ಕಿಟ್ಟಿಲ್ಲ. ಇಲ್ಲಿಂದ ಅಲ್ಲಿಗೆ ಎಳೆದ ತಾಮ್ರದ ಗೆರೆಗಳಷ್ಟೇ. ಆದರೂ ಹವ್ಯಾಸಿಗಳು ಒಟ್ಟುಗೂಡಿ, ಕಾಸು ಹಾಕಿ, ಒಂದೇ ಮೇಜಿನ ಸುತ್ತ ಕೂತು ಏನನ್ನಾದರೂ ಹೆಚ್ಚಾಗಿ ಮಾಡಿದ್ದರೆ ಅದು ಇಂಥ ಬೋರ್ಡುಗಳನ್ನೇ. ಕಾರ್ಖಾನೆ ಮಾಡುವುದಕ್ಕೂ ಕೈ ಹಿಡಿಯಬಲ್ಲದ್ದಕ್ಕೂ ನಡುವಿನ ಸಂದು ಹಿಗ್ಗುತ್ತಲೇ ಬಂತು, ಅದನ್ನು ಒಬ್ಬೊಬ್ಬರೇ ದಾಟುವುದು ದುಬಾರಿಯಾಗಿತ್ತು.

2.54 ಮಿಲಿಮೀಟರು ಎಂದರೆ ಅಂಗುಲದ ಹತ್ತನೇ ಒಂದು ಪಾಲು. ಈ ಅಳತೆಯನ್ನು ಗಟ್ಟಿಮಾಡಿದ್ದು 1964ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿ ರೂಪಿಸಿದ ಡಿಐಪಿ, ಅಂದರೆ ಎರಡು ಸಾಲು ಕಾಲಿನ ಜರಿಹುಳುವಿನಂಥ ಐಸಿ. ಅದಕ್ಕೆ ಮುಂಚೆ ರೇಡಿಯೋ ಹವ್ಯಾಸಿಗಳು ಅಡುಗೆಮನೆಯ ಬ್ರೆಡ್ ಕೊಯ್ಯುವ ಹಲಗೆಗೆ ಮೊಳೆ ಹೊಡೆದು ಸರ್ಕಿಟ್ ಕಟ್ಟುತ್ತಿದ್ದರು. ಬ್ರೆಡ್‌ಬೋರ್ಡ್ ಎಂಬ ಹೆಸರು ಬಂದದ್ದು ಅಲ್ಲಿಂದ. 1971ರಲ್ಲಿ ಇ ಅಂಡ್ ಎಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ರೊನಾಲ್ಡ್ ಪೋರ್ಚುಗಲ್ ವಿನ್ಯಾಸ ಮಾಡಿದ ಪ್ಲಾಸ್ಟಿಕ್ ಬ್ರೆಡ್‌ಬೋರ್ಡು ಡಿಐಪಿಗೆ ಹೇಳಿಮಾಡಿಸಿದ ಜೋಡಿಯಾಯಿತು. ಚಿಪ್ಪು ನಡುವಿನ ಹಳ್ಳವನ್ನು ದಾಟಿ ಕೂತರೆ ಎರಡೂ ಬದಿಗೆ ಪ್ರತಿ ಕಾಲಿಗೆ ನಾಲ್ಕು ನಾಲ್ಕು ತೂತು ಖಾಲಿ ಉಳಿಯುತ್ತವೆ. ಈ ಖಾಲಿ ತೂತುಗಳ ಲೆಕ್ಕ ಮುಂದೆ ಮತ್ತೆ ಬರುತ್ತದೆ.

ಕೂಡಿ ಕಟ್ಟುವ ಚಾಳಿ ಇದಕ್ಕಿಂತ ಹಳೆಯದು. ಮಿಶಿಗನ್ ರಾಜ್ಯದ ಬೆಂಟನ್ ಹಾರ್ಬರಿನ ಹೀತ್ ಕಂಪನಿ 1947ರಲ್ಲಿ ಯುದ್ಧದಲ್ಲಿ ಮಿಕ್ಕಿದ ಬಿಡಿಭಾಗಗಳಿಂದ ಆಸಿಲೋಸ್ಕೋಪಿನ ಕಿಟ್ ಮಾಡಿ ಮಾರಿತು. ಹೀತ್‌ಕಿಟ್ ನೋಡಿ ಬೆಸುಗೆ ಕಲಿತ ಒಂದು ತಲೆಮಾರೇ ಅಲ್ಲಿದೆ. ನಮ್ಮಲ್ಲಿ ಆ ಜಾಗ ತುಂಬಿದ್ದು ಪತ್ರಿಕೆ. 1969ರಲ್ಲಿ ಶುರುವಾದ ‘ಎಲೆಕ್ಟ್ರಾನಿಕ್ಸ್ ಫಾರ್ ಯೂ’ ಸರ್ಕಿಟ್ಟಿನ ಜೊತೆಗೆ ಪಿಸಿಬಿಯ ಗೆರೆಗಳನ್ನೂ ನಿಜವಾದ ಅಳತೆಯಲ್ಲೇ ಅಚ್ಚು ಮಾಡುತ್ತಿತ್ತು. ಅದನ್ನು ತಾಮ್ರದ ಹಾಳೆಯ ಮೇಲೆ ನಕಲಿಳಿಸಿ, ಗೆರೆಗೆ ಪೇಂಟು ಬಳಿದು, ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ ಬೇಡದ ತಾಮ್ರ ಕರಗಿಹೋಗುತ್ತದೆ. ಆ ಕಂದು ದ್ರಾವಣದ ಕಲೆ ಬಟ್ಟೆಯಿಂದ ಹೋಗುವುದಿಲ್ಲ. ಬಚ್ಚಲಮನೆಯಲ್ಲಿ ಪಿಸಿಬಿ ಮಾಡಿ ಬೈಸಿಕೊಳ್ಳದವರು ಕಡಿಮೆ. ಅಷ್ಟು ತಾಳ್ಮೆ ಇಲ್ಲದವರಿಗೆ ಸಾಲುಸಾಲು ತೂತಿನ ಜೀರೋ ಪಿಸಿಬಿ ಇತ್ತು, ಅದೂ 2.54ರ ಲೆಕ್ಕದ್ದೇ.

1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಮುಖಪುಟದಲ್ಲಿ ಆಲ್ಟೇರ್ 8800 ಕಂಪ್ಯೂಟರ್ ಕಾಣಿಸಿತು. ಸುಮಾರು 400 ಡಾಲರಿನ ಕಿಟ್. ಅದರೊಳಗೆ ನೂರು ಪಿನ್ನಿನ ಕನೆಕ್ಟರುಗಳ ಸಾಲು ಇತ್ತು, ಯಾರು ಬೇಕಾದರೂ ತಮ್ಮ ಕಾರ್ಡು ಮಾಡಿ ತೂರಿಸಬಹುದಿತ್ತು. ಅದೇ ವರ್ಷದ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ, ಗಾರ್ಡನ್ ಫ್ರೆಂಚ್ ಅವರ ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬು ಮೊದಲ ಸಲ ಸೇರಿತು. ಸ್ಟೀವ್ ವೋಜ್ನಿಯಾಕ್ ತಮ್ಮ ಸರ್ಕಿಟ್ಟಿನ ನಕಲುಗಳನ್ನು ಅಲ್ಲಿ ಪುಕ್ಕಟೆ ಹಂಚುತ್ತಿದ್ದರು. ಮುಂದೆ ಅದು ಆಪಲ್-1 ಆಗಿ 666.66 ಡಾಲರಿಗೆ ಮಾರಾಟವಾದಾಗಲೂ ಸಿಗುತ್ತಿದ್ದದ್ದು ಬರಿಯ ಬೋರ್ಡು. ಕೀಬೋರ್ಡು, ಪೆಟ್ಟಿಗೆ, ಪವರ್ ಸಪ್ಲೈ ಕೊಂಡವರ ಪಾಡು. ಈ ಕತೆಯನ್ನು ಎಲ್ಲರೂ ಆಪಲ್ ಹುಟ್ಟಿದ ಕತೆಯಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆಲ್ಟೇರಿನ ಆ ಖಾಲಿ ಕನೆಕ್ಟರು. ಎಸ್-100 ಎಂದು ಹೆಸರಾದ ಆ ಜೋಡಣೆಗೆ ಬೇರೆಬೇರೆಯವರು ಮಾಡಿದ ಕಾರ್ಡುಗಳು ಎಷ್ಟಾದವೆಂದರೆ, ಕೊನೆಗೆ 1983ರಲ್ಲಿ ಅದು ಐಇಇಇ ಮಾನಕವೇ ಆಯಿತು.

ಒಂದೇ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರಾದ ಮೈಕ್ರೋಕಂಟ್ರೋಲರು ಹವ್ಯಾಸಿಯ ಕೈಗೆ ಬಂದದ್ದು ನಿಧಾನವಾಗಿ. ಇಂಟೆಲ್ 8051 ಬಂದದ್ದು 1980ರಲ್ಲಿ. ನಮ್ಮ ಹಲವು ಎಂಜಿನಿಯರಿಂಗ್ ಕಾಲೇಜುಗಳ ಪಠ್ಯದಲ್ಲಿ ಇಂದಿಗೂ ಅದು ಅಲ್ಲಾಡಿಲ್ಲ. ಆ ಕಾಲದ ಚಿಪ್ಪಿನಲ್ಲಿ ಬರೆದ ಪ್ರೋಗ್ರಾಮು ಅಳಿಸಲು ಗಾಜಿನ ಕಿಟಕಿಯ ಮೂಲಕ ಅಲ್ಟ್ರಾವಯಲೆಟ್ ಬೆಳಕು ಬಿಡಬೇಕಿತ್ತು. 1993ರ ಪಿಕ್ 16ಸಿ84 ವಿದ್ಯುತ್ತಿನಿಂದಲೇ ಅಳಿಸಿ ಬರೆಯುವ ಸೌಲಭ್ಯ ಕೊಟ್ಟಿತು. ನಾರ್ವೆಯ ಟ್ರಾಂಡ್‌ಹೈಮಿನ ಇಬ್ಬರು ವಿದ್ಯಾರ್ಥಿಗಳು, ಆಲ್ಫ್-ಎಗಿಲ್ ಬೋಗೆನ್ ಮತ್ತು ವೆಗಾರ್ಡ್ ವೊಲ್ಲಾನ್, ಕಲ್ಪಿಸಿದ ಎವಿಆರ್ ಚಿಪ್ಪುಗಳನ್ನು ಆಟ್ಮೆಲ್ ಕಂಪನಿ ಮಾರುಕಟ್ಟೆಗೆ ತಂದಿತು.

ಆ ಎವಿಆರ್ ಮೇಲೆ ನಿಂತದ್ದು ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು. ಇಟಲಿಯ ಇವ್ರೇಯಾದ ವಿನ್ಯಾಸ ಶಾಲೆಯಲ್ಲಿ ಹೆರ್ನಾಂಡೊ ಬಾರಗಾನ್ ಸ್ನಾತಕೋತ್ತರ ಪ್ರಬಂಧಕ್ಕಾಗಿ ಮಾಡಿದ ‘ವೈರಿಂಗ್’ ಅದರ ಮೂಲ. 2005ರಲ್ಲಿ ಮಸ್ಸಿಮೊ ಬಾಂಜಿ ಮತ್ತವರ ಜೊತೆಗಾರರು ಆರ್ಡುಯಿನೋ ರೂಪಿಸಿದರು. ಊರಿನ ಒಂದು ಬಾರಿನ ಹೆಸರನ್ನೇ ಇಟ್ಟರು. ಬಾರಗಾನ್ ಅವರಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿಲ್ಲವೆಂಬುದು ನನ್ನ ಅಭಿಪ್ರಾಯ.

ಆರ್ಡುಯಿನೋದಲ್ಲಿ ಒಂದು ಎಡವಟ್ಟಿದೆ. ಏಳನೇ ಮತ್ತು ಎಂಟನೇ ಪಿನ್ನಿನ ನಡುವಿನ ಜಾಗ ಹತ್ತನೇ ಒಂದು ಅಂಗುಲದ ಲೆಕ್ಕಕ್ಕೆ ಬರುವುದಿಲ್ಲ, ಅದು 4.06 ಮಿಲಿಮೀಟರು. ವಿನ್ಯಾಸದಲ್ಲಿ ಕಣ್ತಪ್ಪಿದ್ದು ಹಾಗೇ ಉಳಿಯಿತು. ತಿದ್ದೋಣವೆಂದರೆ ಅಷ್ಟರಲ್ಲಿ ಜನ ಅದರ ಮೇಲೆ ಕೂರುವ ‘ಶೀಲ್ಡ್’ ಬೋರ್ಡುಗಳನ್ನು ಮಾಡಿಬಿಟ್ಟಿದ್ದರು. ಹೀಗಾಗಿ ಸಾದಾ ಜೀರೋ ಪಿಸಿಬಿಯಿಂದ ಶೀಲ್ಡ್ ಮಾಡಹೊರಟವರು ಬರ್ಗ್ ಸ್ಟ್ರಿಪ್ಪಿನ ಕಾಲುಗಳನ್ನು ಇಕ್ಕಳದಲ್ಲಿ ಸೊಟ್ಟ ಮಾಡಬೇಕಾಯಿತು, ಇಲ್ಲವೇ ಆ ಅಂತರಕ್ಕೆಂದೇ ಬೋರ್ಡು ಮಾಡಿಸಬೇಕಾಯಿತು. ತಪ್ಪೊಂದು ಮಾನಕವಾದರೆ ಅದರ ಸುತ್ತ ಹತ್ತು ಜನಕ್ಕೆ ಕೆಲಸ!

ಅದೇ ಹೊತ್ತಿಗೆ ಇನ್ನೊಂದು ಬದಿಯಿಂದ ಕಷ್ಟ ಶುರುವಾಗಿತ್ತು. ಮೊಬೈಲುಗಳಿಗೆಂದು ತಯಾರಾಗುವ ಚಿಪ್ಪುಗಳಿಗೆ ಉದ್ದದ ಕಾಲುಗಳೇ ಇರಲಿಲ್ಲ. ಎಸ್‌ಒಐಸಿ ಎಂಬ ಬಗೆಯಲ್ಲಿ ಕಾಲುಗಳ ಅಂತರ 1.27 ಮಿಲಿಮೀಟರು, ಟಿಕ್ಯೂಎಫ್‌ಪಿಯಲ್ಲಿ 0.8 ಅಥವಾ 0.5, ಕ್ಯೂಎಫ್‌ಎನ್‌ನಲ್ಲಿ ಕಾಲೇ ಇಲ್ಲ, ಹೊಟ್ಟೆಯಡಿ ತಗಡಿನ ಚುಕ್ಕೆಗಳು. ಹೊಸ ಸೆನ್ಸರುಗಳು, ರೇಡಿಯೋ ಚಿಪ್ಪುಗಳು ಬರುತ್ತಿದ್ದದ್ದು ಈ ರೂಪದಲ್ಲೇ. ಹವ್ಯಾಸಿಗೆ ಅಡಾಪ್ಟರ್ ಬೋರ್ಡು ಅನಿವಾರ್ಯವಾದದ್ದು ಇಲ್ಲಿ. ಅದು ಬರಿಯ ಗೆರೆಯಲ್ಲ ಎನ್ನುವುದೂ ಆಗಲೇ ತಿಳಿಯಿತು: ಸಪ್ಲೈ ಪಿನ್ನಿನ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡಿನ ಕೆಪಾಸಿಟರು ಇಲ್ಲದಿದ್ದರೆ ಚಿಪ್ಪು ಸುಮ್ಮಸುಮ್ಮನೆ ರೀಸೆಟ್ ಆಗುತ್ತದೆ. 5 ವೋಲ್ಟನ್ನು 3.3ಕ್ಕೆ ಇಳಿಸಬೇಕು. ಮೊದಲು ಹೇಳಿದ ಬಿಳಿ ಪ್ಲೇಟಿನಲ್ಲೂ ಎರಡು ರೆಸಿಸ್ಟರುಗಳಿವೆ, ಹಿಂಬದಿಯಲ್ಲಿ ರೆಗ್ಯುಲೇಟರಿಗೆ ಜಾಗವಿದೆ.

ಹತ್ತು ರೂಪಾಯಿಯ ಚಿಪ್ಪಿಗೆ ಬೋರ್ಡು ಮಾಡಿಸಲು ಹೋದರೆ ಕಾರ್ಖಾನೆ ಇಡೀ ಹಾಳೆಯ ದುಡ್ಡು ಕೇಳುತ್ತಿತ್ತು. ಇದಕ್ಕೆ ಉಪಾಯ ಕಂಡುಕೊಂಡವರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಡಾರ್ಕ್‌ಬಾಟ್ ಗುಂಪಿನವರದ್ದು ದೊಡ್ಡ ಹೆಸರು. ಎಲ್ಲರ ವಿನ್ಯಾಸಗಳನ್ನು ಒಬ್ಬರು ಕಲೆಹಾಕಿ ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸುವುದು, ಕಾರ್ಖಾನೆಗೆ ಕಳಿಸುವುದು, ಬಂದ ಮೇಲೆ ಮುರಿದು ಹಂಚುವುದು. ಮದುವೆಮನೆಗೆ ಒಟ್ಟಿಗೆ ದಿನಸಿ ತಂದು ಮನೆಮನೆಗೆ ಪಾಲು ಮಾಡಿದಂತೆ. ಇದೇ ಮುಂದೆ ಓಶ್ ಪಾರ್ಕ್ ಎಂಬ ಸೇವೆಯಾಯಿತು: ನೇರಳೆ ಬಣ್ಣದ ಬೋರ್ಡು, ಚದರ ಅಂಗುಲಕ್ಕೆ 5 ಡಾಲರು, ಪ್ರತಿ ವಿನ್ಯಾಸದ ಮೂರು ಪ್ರತಿ. ಒಬ್ಬರಿಗೆ ಒಂದೇ ಸಾಕಾಗಿದ್ದರೂ ಮೂರು ಬರುತ್ತಿದ್ದುದರಿಂದ ಮಿಕ್ಕಿದ್ದೆರಡು ಗೆಳೆಯರ ಪಾಲಾಗುತ್ತಿದ್ದವು. ಹವ್ಯಾಸಿಗಳ ಒಗ್ಗಟ್ಟಿನ ಬಗ್ಗೆ ಚೆಂದದ ಮಾತುಗಳು ಬೇಕಷ್ಟಿವೆ. ಅದರ ಅರ್ಧಕ್ಕೆ ಕಾರಣ ಈ ಹಾಳೆಯ ಲೆಕ್ಕ.

ಕೀಬೋರ್ಡ್ ಹುಚ್ಚಿನವರು ಈ ಲೆಕ್ಕವನ್ನು ಇನ್ನೂ ಚೊಕ್ಕ ಮಾಡಿದರು. ಎರಡು ಹೋಳಾದ ಎರ್ಗೋಡಾಕ್ಸ್ ಕೀಬೋರ್ಡಿಗೆ ಎಡಕ್ಕೂ ಬಲಕ್ಕೂ ಒಂದೇ ಪಿಸಿಬಿ, ಮಗುಚಿದರೆ ಆಯಿತು. ಬಲಭಾಗದಲ್ಲಿ ಟೀನ್ಸಿ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು, ಎಡಕ್ಕೆ ಪಿನ್ನುಗಳನ್ನು ಹೆಚ್ಚಿಸುವ ಐಸಿ, ಪ್ರತಿ ಕೀಲಿಗೂ ಒಂದು ಡಯೋಡು. ಎರಡು ಬೇರೆ ವಿನ್ಯಾಸದ ಖರ್ಚು ಉಳಿಯಿತು. ಆದರೆ ಯಾವ ಮಗ್ಗುಲು ಮೇಲೆಂದು ಮರೆತು ಡಯೋಡುಗಳನ್ನೆಲ್ಲ ಕಿತ್ತು ಮತ್ತೆ ಹಾಕಿದವರ ಗೋಳು ಬೇರೆ.

ನಮ್ಮ ಹತ್ತಿರದ ಉದಾಹರಣೆ ಹೈದರಾಬಾದಿನದು. ಹ್ಯಾಮ್ ರೇಡಿಯೋ ಹವ್ಯಾಸಿ ಅಶ್ಹರ್ ಫರ್ಹಾನ್ 2003ರ ಹೊತ್ತಿಗೆ ಬಿಟ್‌ಎಕ್ಸ್ ಎಂಬ ಟ್ರಾನ್ಸೀವರ್ ರೂಪಿಸಿದರು. ಭಾರತದ ಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಆಗಬೇಕೆಂಬುದು ಅವರ ಹಟ. ಕಾಯಿಲು ಸುತ್ತಲು ಬೇಕಾದ ಟೊರಾಯ್ಡ್ ಎಂಬ ಆಮದಿನ ಬಳೆಯ ಬದಲು ನಲ್ಲಿಯ ವಾಷರಿಗೆ ತಂತಿ ಸುತ್ತಿದರು. 2016ರ ಕೊನೆಗೆ ಬಿಟ್‌ಎಕ್ಸ್-40 ಬೋರ್ಡಾಗಿ ಮಾರಾಟಕ್ಕೆ ಬಂದಾಗಲೂ ಕಾಯಿಲುಗಳನ್ನು ಮಹಿಳೆಯರ ಒಂದು ಗುಂಪು ಕೈಯಲ್ಲೇ ಸುತ್ತುತ್ತಿತ್ತು. ಅದರ ಆಸಿಲೇಟರು ಕಾವೇರಿದಂತೆ ಆವರ್ತನದಿಂದ ಜಾರುತ್ತಿತ್ತು. ಇದಕ್ಕೆ ಮದ್ದಾಗಿ ಬಂದದ್ದು ‘ರಾಡುಯಿನೋ’: ಆರ್ಡುಯಿನೋ ನ್ಯಾನೋ, ಆವರ್ತನ ಹುಟ್ಟಿಸುವ ಒಂದು ಪುಟ್ಟ ಐಸಿ, ಇವೆರಡನ್ನೂ ಎರಡು ಸಾಲಿನ ಎಲ್‌ಸಿಡಿಯ ಬೆನ್ನಿಗೆ ಅಂಟಿಸುವ ಬೋರ್ಡು. ಪ್ರೋಗ್ರಾಮು ತೆರೆದೇ ಇದ್ದುದರಿಂದ ದೇಶದೇಶದ ಹ್ಯಾಮ್‌ಗಳು ಅದನ್ನು ತಿದ್ದಿದರು. ಅಡಾಪ್ಟರ್ ಬೋರ್ಡೊಂದು ಎರಡು ಕಾಲಗಳನ್ನು ಜೋಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೂಡಿ ತಿದ್ದುವುದಕ್ಕೆ ಇನ್ನೊಂದು ನಿದರ್ಶನ ‘ಬ್ಲೂ ಪಿಲ್’. ಚೀನಾದಿಂದ ಬರುವ ಈ ಅಗ್ಗದ ಎಸ್‌ಟಿಎಂ32 ಬೋರ್ಡಿನಲ್ಲಿ ಯುಎಸ್‌ಬಿಗೆ 1.5 ಕಿಲೋಓಮಿನ ರೆಸಿಸ್ಟರ್ ಇರಬೇಕಾದಲ್ಲಿ 10 ಕಿಲೋಓಮಿನದಿರುತ್ತಿತ್ತು. ಕೆಲವು ಕಂಪ್ಯೂಟರುಗಳು ಅದನ್ನು ಗುರುತಿಸುತ್ತಲೇ ಇರಲಿಲ್ಲ. ಹವ್ಯಾಸಿಗಳ ಪರಿಹಾರ: ಕೀಳುವ ಗೊಡವೆ ಬೇಡ, ಸಮಾಂತರವಾಗಿ 1.8 ಕಿಲೋಓಮಿನದೊಂದು ಸೇರಿಸಿ, ಒಟ್ಟು 1.53ರ ಆಸುಪಾಸಿಗೆ ಬರುತ್ತದೆ.

ಬೆಸುಗೆ ಕೈಯಿಂದ ಕೈಗೆ ದಾಟುವ ವಿದ್ಯೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 2007ರಲ್ಲಿ ನಾಯ್ಸ್‌ಬ್ರಿಜ್ ಹ್ಯಾಕರ್‌ಸ್ಪೇಸ್ ಕಟ್ಟಿದವರಲ್ಲೊಬ್ಬರಾದ ಮಿಚ್ ಆಲ್ಟ್‌ಮನ್ ಊರೂರು ಸುತ್ತಿ ಬೆಸುಗೆ ಕಲಿಸುವುದನ್ನೇ ಕಾಯಕ ಮಾಡಿಕೊಂಡರು. ನಮಗೆ ಈ ವಿದ್ಯೆ ಪರಕೀಯವೇನಲ್ಲ. ಅಕ್ಕಸಾಲಿಗರು ಬಿಳಿಗಾರ ಹಾಕಿ ಬೆಸೆಯುತ್ತಾರೆ. ಕಲಾಯಿಯವನು ಕಾದ ಪಾತ್ರೆಗೆ ನವಸಾಗರ ಉಜ್ಜಿ ತವರ ಹಚ್ಚುತ್ತಾನೆ. ಬೆಸುಗೆ ಹಾಕುವ ಐರನ್ನಿನ ಮೂತಿಗೆ ಸೋಲ್ಡರ್ ಹಚ್ಚಿ ಹೊಳಪು ಬರಿಸುವುದೂ ಕಲಾಯಿಯೇ. ಲೋಹದ ಮೇಲಿನ ಕಿಲುಬನ್ನು ಕಳೆದರೆ ಮಾತ್ರ ತವರ ಅಂಟುತ್ತದೆ, ಇಲ್ಲಿ ಆ ಕೆಲಸ ಮಾಡುವುದು ಪೈನ್ ಮರದ ರಾಳದ ಫ್ಲಕ್ಸು. 63 ಪಾಲು ತವರ, 37 ಪಾಲು ಸೀಸದ ಮಿಶ್ರಣ 183 ಡಿಗ್ರಿಗೆ ಕರಗುತ್ತದೆ. 2006ರ ಜುಲೈ 1ರಿಂದ ಯುರೋಪು ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಬಂದ ಮಿಶ್ರಣಗಳಿಗೆ 217ರ ಆಸುಪಾಸು ಬೇಕು. ಹೊಸಬರಿಗೆ ಹಳೆಯದೇ ಸುಲಭ. ಆಮೇಲೆ ಕೈ ತೊಳೆಯಬೇಕು, ಅಷ್ಟೇ.

ಸಣ್ಣ ಚಿಪ್ಪೆಂದರೆ ಹೆದರುವವರಿಗೆ ಮೇಜಿನ ಸುತ್ತ ಮೊದಲು ಹೇಳಿಕೊಡುವ ಗುಟ್ಟು: ಫ್ಲಕ್ಸ್ ಧಾರಾಳವಾಗಿರಲಿ. ಕರಗಿದ ತವರ ತನ್ನ ಮೇಲ್ಮೈ ಸೆಳೆತದಿಂದ ತಾನೇ ತಾಮ್ರದ ಮೇಲೆ ಸರಿಯುತ್ತದೆ. ಐರನ್ನನ್ನು ಕಾಲುಗಳ ಸಾಲಿನುದ್ದಕ್ಕೂ ನಿಧಾನವಾಗಿ ಎಳೆದರೆ ಸಾಕು. ಎರಡು ಕಾಲು ಅಂಟಿಕೊಂಡರೆ ತಾಮ್ರದ ಜಾಲರಿ ಪಟ್ಟಿಯಿಟ್ಟು ಹೀರಿಸಬಹುದು. ಕೆಲವರು ಸೋಲ್ಡರ್ ಪೇಸ್ಟ್ ಬಳಿದು, ಚಿಪ್ಪಿಟ್ಟು, ಬೋರ್ಡನ್ನು ಎಲೆಕ್ಟ್ರಿಕ್ ಬಾಣಲೆಯ ಮೇಲೆ ದೋಸೆಯಂತೆ ಕಾಯಿಸುತ್ತಾರೆ. ಆಮೇಲೆ ಆ ಬಾಣಲೆಯಲ್ಲಿ ದೋಸೆ ಹುಯ್ಯಬಾರದು.

ಈಗ ಕಾಲ ಮತ್ತೆ ಬದಲಾಗಿದೆ. 1992ರಲ್ಲಿ ಫ್ರಾನ್ಸಿನ ಜಾನ್-ಪಿಯೆರ್ ಷಾರಾ ಶುರುಮಾಡಿದ, ಮುಂದೆ ಸರ್ನ್ ಸಂಸ್ಥೆಯ ಒತ್ತಾಸೆ ಪಡೆದ ಕೀಕ್ಯಾಡ್ ಎಂಬ ಪಿಸಿಬಿ ವಿನ್ಯಾಸದ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಚೀನಾದ ಕಾರ್ಖಾನೆಗಳು ಐದು ಬೋರ್ಡುಗಳನ್ನು ಎರಡು ಡಾಲರಿಗೆ ಮಾಡಿ, ಬೇಕಿದ್ದರೆ ಚಿಪ್ಪನ್ನೂ ಕೂರಿಸಿ ಕಳಿಸುತ್ತವೆ. ಹಾಳೆ ಹಂಚಿಕೊಳ್ಳುವ ಜರೂರು ಹೋಯಿತು. ಇತ್ತ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬುಗಳು ದೇಶದ ಹತ್ತು ಸಾವಿರ ಶಾಲೆಗಳನ್ನು ತಲುಪಿವೆ, ಸರ್ಕಾರಿ ಸಂಸ್ಥೆ ಸಿಡ್ಯಾಕ್‌ನ ಏರೀಸ್‌ನಂಥ ಸ್ವದೇಶಿ ಬೋರ್ಡುಗಳೂ ಬಂದಿವೆ.

ಖಾಲಿ ತೂತಿನ ಲೆಕ್ಕಕ್ಕೆ ಬರೋಣ. ಡಿಐಪಿಯ ಇಕ್ಕೆಲದಲ್ಲಿ ನಾಲ್ಕು ನಾಲ್ಕು ಉಳಿಯುತ್ತಿದ್ದವು. ಇಎಸ್‌ಪಿ-12ರೊಳಗಿನ ಚಿಪ್ಪಾದ ಇಎಸ್‌ಪಿ8266ರ ನೋಡ್‌ಎಂಸಿಯು ಬೋರ್ಡಿನಲ್ಲಿ ಒಂದೊಂದು. ಅದರ ಅಗಲವಾದ ಮೂರನೇ ಆವೃತ್ತಿಯಲ್ಲಿ ಒಂದೂ ಇಲ್ಲ, ಎರಡು ಬ್ರೆಡ್‌ಬೋರ್ಡು ಜೋಡಿಸಬೇಕು. 2021ರ ಜನವರಿಯಲ್ಲಿ ನಾಲ್ಕು ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪಿಕೊ ಎರಡೆರಡು ಉಳಿಸುತ್ತದೆ. ಪಿಕೊದ ಅಂಚಿಗೆ ಅರೆಗಚ್ಚಿನ ತೂತುಗಳಿವೆ, ಬೇಕಿದ್ದರೆ ಇಡೀ ಬೋರ್ಡನ್ನೇ ಚಿಪ್ಪಿನಂತೆ ಇನ್ನೊಂದು ಬೋರ್ಡಿಗೆ ಬೆಸೆಯಬಹುದು. ಅಲ್ಲಿಗೆ ಅಡಾಪ್ಟರಿನ ಮೇಲೆ ಅಡಾಪ್ಟರು.

ಅಗ್ಗದ ಪಿಕೊ ಬರುವುದು ಬರ್ಗ್ ಸ್ಟ್ರಿಪ್ಪಿಲ್ಲದೆ. ಇಪ್ಪತ್ತು ಪಿನ್ನಿನ ಎರಡು ಪಟ್ಟಿಯನ್ನು ನಾವೇ ಬೆಸೆಯಬೇಕು. ಗಾಳಿಯಲ್ಲಿ ಹಿಡಿದು ಹಾಕಿದರೆ ಪಟ್ಟಿ ಸೊಟ್ಟಗಾಗುತ್ತದೆ, ಅದಕ್ಕೇ ಮೊದಲು ಪಟ್ಟಿಗಳನ್ನು ಬ್ರೆಡ್‌ಬೋರ್ಡಿಗೇ ಚುಚ್ಚಿ, ಮೇಲೆ ಪಿಕೊ ಕೂರಿಸಿ, ನಾಲ್ಕು ಮೂಲೆಯ ಪಿನ್ನುಗಳಿಗೆ ಮಾತ್ರ ಬೆಸುಗೆ ಹಾಕಿ, ಪಕ್ಕದಿಂದ ಕಣ್ಣಿಟ್ಟು ಸಮವಿದೆಯೇ ನೋಡುತ್ತಾರೆ. ಸಮವಿದ್ದರೆ ಉಳಿದ ಮೂವತ್ತಾರು. ಒಂದೇ ಕಡೆ ಬಹಳ ಹೊತ್ತು ಐರನ್ ಒತ್ತಿದರೆ ಕೆಳಗಿನ ಬ್ರೆಡ್‌ಬೋರ್ಡಿನ ಪ್ಲಾಸ್ಟಿಕ್ಕು ಕರಗುತ್ತದೆ. ಆದ್ದರಿಂದ ಈ ಕೆಲಸಕ್ಕೆಂದೇ ಪ್ರತಿ ಗುಂಪಿನಲ್ಲೂ ಒಂದು ಹಳೆಯ, ಸುಟ್ಟ ಕಲೆಗಳ ಬ್ರೆಡ್‌ಬೋರ್ಡು ಎತ್ತಿಟ್ಟಿರುತ್ತಾರೆ.