ರಕ್ಷಿಸಿದ ದೊಡ್ಡ ಬೆಕ್ಕಿಗೆ ಹೊಸ ಮನೆ ಹುಡುಕುವಾಗ

ಬಸದಿಯ ಅಂಗಳ, ಅಂಗಡಿಯ ಹಿಂಬದಿ, ಬಾಡಿಗೆದಾರರು ಖಾಲಿ ಮಾಡಿ ಹೋದ ಮನೆಯ ಮೆಟ್ಟಿಲು – ಬೆಳೆದ ಬೆಕ್ಕು ಹಸಿದೋ ಗಾಯಗೊಂಡೋ ಸಿಗುವುದು ಹೆಚ್ಚಾಗಿ ಇಂಥ ಕಡೆ. ಎತ್ತಿ ತಂದು ಉಪಚರಿಸುವುದು ಶ್ರಾವಕರ ಮನೆಗಳಲ್ಲಿ ಹೊಸದಲ್ಲ. ನಾಲ್ಕು ದಾನಗಳಲ್ಲಿ ಅಭಯದಾನವೂ ಒಂದು. ತೊಡಕು ಶುರುವಾಗುವುದು ಬೆಕ್ಕು ಚೇತರಿಸಿಕೊಂಡ ಮೇಲೆ: ಅದಕ್ಕೆ ಏನು ತಿನ್ನಿಸುವುದು?

ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಲ್ಲಿ ಅದು ಸಿಗುತ್ತದೆ, ಅನ್ನ, ಬೇಳೆ, ತರಕಾರಿಯಲ್ಲಿ ಸಿಗುವುದಿಲ್ಲ. ಬಹಳ ಕಾಲ ಕೊರತೆಯಾದರೆ ಕಣ್ಣಿನ ಅಕ್ಷಿಪಟಲ ಹಾಳಾಗಿ ಬೆಕ್ಕು ಕುರುಡಾಗಬಹುದು, ಹೃದಯದ ಸ್ನಾಯು ಸೋಲಬಹುದು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲೂ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಹೊರಗಿನಿಂದ ಟಾರಿನ್ ಸೇರಿಸಿದ ಸಸ್ಯಾಹಾರಿ ಬೆಕ್ಕಿನ ಆಹಾರ ಎಂದು ಮಾರುವುದೂ ಉಂಟು. ಪಶುವೈದ್ಯರನ್ನು ಕೇಳದೆ ಅದನ್ನೇ ನೆಚ್ಚಬಾರದು.

ಆದ್ದರಿಂದ ಹಾಲನ್ನ ಹಾಕಿ ಅಹಿಂಸೆ ಪಾಲಿಸಿದೆವು ಎಂದುಕೊಳ್ಳುವುದು ಸರಿಯಲ್ಲ. ಕಷ್ಟಪಡುವುದು ಬೆಕ್ಕು. ಮನೆಯೊಳಗೆ ಮಾಂಸದ ಆಹಾರ ತರಲು ಮನಸ್ಸು ಒಪ್ಪದಿದ್ದರೆ ಅದರಲ್ಲಿ ನಾಚಿಕೆಯೂ ಇಲ್ಲ. ಔಷಧ, ಆರೈಕೆ, ಖರ್ಚು ವಹಿಸಿಕೊಂಡು, ಬೆಕ್ಕಿನ ಊಟವನ್ನು ಒಪ್ಪುವ ನೆರೆಯವರ ಮನೆಯಲ್ಲಿ ಹಾಕಿಸಿ, ಸರಿಯಾದ ಮನೆ ಸಿಕ್ಕೊಡನೆ ಕೊಟ್ಟುಬಿಡುವುದು ಇಬ್ಬರಿಗೂ ಹಿತ. ಆ ಮನೆ ಜೈನರದೇ ಆಗಬೇಕೆಂದು ಹಟ ಹಿಡಿದರೆ ಬೆಕ್ಕಿಗೇ ನಷ್ಟ.

ಕೊಡುವ ಮೊದಲು ಬೆಕ್ಕು ಯಾರದಾದರೂ ಇರಬಹುದೇ ಎಂದು ಓಣಿಯಲ್ಲಿ ವಿಚಾರಿಸಬೇಕು, ವಾಟ್ಸಾಪ್ ಗುಂಪುಗಳಲ್ಲಿ ಫೋಟೊ ಹಾಕಬೇಕು. ಪಶು ಆಸ್ಪತ್ರೆಯಲ್ಲಿ ತೋರಿಸಿ ಜಂತಿನ ಔಷಧ, ರೇಬೀಸ್ ಲಸಿಕೆ ಮತ್ತು ಬೆಕ್ಕುಗಳಿಗೆ ಕೊಡುವ ಇತರ ಲಸಿಕೆ ಹಾಕಿಸಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಕೊಡುವ ಮೊದಲೇ ಮಾಡಿಸುವುದು ಮೇಲು. ‘ನಾವೇ ಮಾಡಿಸುತ್ತೇವೆ’ ಎಂದು ಒಯ್ದವರಲ್ಲಿ ಎಷ್ಟೋ ಜನ ಮರೆಯುತ್ತಾರೆ, ಆಮೇಲೆ ಮರಿಗಳಿಗೂ ಮನೆ ಹುಡುಕಬೇಕಾಗುತ್ತದೆ.

ಕೇಳಿಕೊಂಡು ಬಂದವರಿಗೆಲ್ಲ ಕೊಡಬೇಕಾಗಿಲ್ಲ. ಮಂಡಿ, ಗೋದಾಮಿನವರು ದೊಡ್ಡ ಬೆಕ್ಕನ್ನು ಕೇಳುವುದು ಇಲಿ ಹಿಡಿಯಲಿ ಎಂದು. ಹಸಿದಿದ್ದರೆ ಚೆನ್ನಾಗಿ ಹಿಡಿಯುತ್ತದೆ ಎಂದು ಊಟವನ್ನೂ ಹಾಕದವರಿದ್ದಾರೆ. ಅಂಥಲ್ಲಿ ಬೇಡ. ಏನು ತಿನ್ನಿಸುತ್ತೀರಿ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಮನೆಯವರೆಲ್ಲರ ಒಪ್ಪಿಗೆ ಇದೆಯೇ, ಬಾಡಿಗೆ ಮನೆಯಾದರೆ ಮಾಲೀಕರ ಮಾತೇನು – ಇಷ್ಟು ಕೇಳಲೇಬೇಕು. ಮೇಲಿನ ಮಹಡಿಯಾದರೆ ಬಾಲ್ಕನಿಗೆ ಜಾಲರಿ ಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ ಬೆಕ್ಕಿನ ಮಲ ತೆಗೆಯುವ ಕೆಲಸ ಬೇರೆಯವರು ಮಾಡಬೇಕು. ಅದರಿಂದ ಟಾಕ್ಸೋಪ್ಲಾಸ್ಮಾ ಸೋಂಕು ತಗಲಬಹುದು. ಹಣ ತೆಗೆದುಕೊಳ್ಳುವ ಮಾತು ಬರಬಾರದು; ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಹಣಕ್ಕಾಗಿ ಬೆಕ್ಕು, ನಾಯಿ, ಗಿಳಿ ಸಾಕುವುದನ್ನು ಶ್ರಾವಕರು ಬಿಡಬೇಕಾದ ವೃತ್ತಿಗಳಲ್ಲಿ ಎಣಿಸಿದೆ.

ದೊಡ್ಡ ಬೆಕ್ಕು ಒಗ್ಗುವುದಿಲ್ಲ, ಮರಿಯೇ ಬೇಕು ಎನ್ನುವವರು ಬಹಳ. ನಿಜವಾಗಿ ದೊಡ್ಡ ಬೆಕ್ಕಿನ ಸ್ವಭಾವ ಮೊದಲೇ ತಿಳಿದಿರುತ್ತದೆ, ವಯಸ್ಸಾದವರ ಮನೆಗೆ ಅದೇ ಅನುಕೂಲ. ಕಚ್ಚುವ, ಹೆದರುವ ಗುಣವಿದ್ದರೆ ಮುಚ್ಚಿಡದೆ ಹೇಳಬೇಕು. ಮುಚ್ಚಿಟ್ಟು ಕೊಟ್ಟ ಬೆಕ್ಕು ಬೀದಿಗೆ ಬೀಳುತ್ತದೆ.

ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಒಂದೇ ಕೋಣೆಯಲ್ಲಿ ಇಡಬೇಕು. ಮರಳಿನ ತಟ್ಟೆ, ನೀರು, ಅಡಗಲು ಒಂದು ರಟ್ಟಿನ ಡಬ್ಬ, ಅದರಲ್ಲಿ ಹಳೆಯ ಮನೆಯ ಬಟ್ಟೆ. ಒಂದೆರಡು ದಿನ ಸರಿಯಾಗಿ ತಿನ್ನದೆ ಮುದುಡಿ ಕೂರುವುದುಂಟು. ಏನೂ ತಿನ್ನದೆ ಒಂದು ದಿನ ದಾಟಿದರೆ ವೈದ್ಯರಿಗೆ ತೋರಿಸಬೇಕು. ಬೇಗನೆ ಹೊರಗೆ ಬಿಟ್ಟರೆ ಹಳೆಯ ಜಾಗ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಸಾಯುತ್ತದೆ.

ಮನೆ ಸಿಗಲಿಲ್ಲವೆಂದು ಗೋಣಿಚೀಲದಲ್ಲಿ ಹಾಕಿ ಊರಾಚೆ, ಸಂತೆಯಲ್ಲಿ ಬಿಟ್ಟುಬರುವ ರೂಢಿ ಇನ್ನೂ ಇದೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ಗೋಶಾಲೆಗೆ ಬಿಡುವುದೂ ಪರಿಹಾರವಲ್ಲ, ಅಲ್ಲಿನ ವ್ಯವಸ್ಥೆ ದನಗಳಿಗಾಗಿ. ಕೊಡುವಾಗಲೇ ‘ಹೊಂದದಿದ್ದರೆ ನಮಗೇ ವಾಪಸು ಕೊಡಿ’ ಎಂದು ಹೇಳಿ, ಲಸಿಕೆಯ ಚೀಟಿ ಕೈಗಿತ್ತು, ವಾರಕ್ಕೊಮ್ಮೆಯಂತೆ ಒಂದು ತಿಂಗಳು ಫೋನು ಮಾಡಿ ವಿಚಾರಿಸಬೇಕು.