ಕರಾವಳಿಯ ಕ್ರೈಸ್ತರೂ ಪಾದ್ರಿ ಜೋಸೆಫ್ ವಾಜರೂ

ಗೋವೆಯಿಂದ ತೆಂಕಣಕ್ಕೆ ಕಾಲ್ನಡೆಯಾಗಿ ಹೊರಟವನು ನಮ್ಮ ಸೀಮೆಯಲ್ಲಿ ಮೊದಲು ಕಾಳಿಯನ್ನು ದಾಟಬೇಕು. ಕಾರವಾರ, ಅಂಕೋಲೆಗಳನ್ನು ಹಿಂದಿಕ್ಕಿದ ಮೇಲೆ ಗಂಗಾವಳಿ, ಅನಂತರ ಅಘನಾಶಿನಿ, ಅದರಾಚೆ ಶರಾವತಿ. ಇಂದು ಸೇತುವೆಗಳ ಮೇಲೆ ಕ್ಷಣಮಾತ್ರದಲ್ಲಿ ಮುಗಿಯುವ ಈ ದಾಟು ಹಿಂದೆ ದೋಣಿಯವನ ದಯೆಯನ್ನೂ ಮಳೆಗಾಳಿಗಳ ಮರ್ಜಿಯನ್ನೂ ಅವಲಂಬಿಸಿತ್ತು. ಈ ದಾರಿಯಲ್ಲಿ ದಂಡುಗಳು ನಡೆದ ಕಥೆಯನ್ನೂ ವ್ಯಾಪಾರಿಗಳು ಬಂದ ಕಥೆಯನ್ನೂ ನಾವು ಬಲ್ಲೆವು. ಇದೇ ತೀರದ ಒಂದು ಚಿಕ್ಕ ಸಮುದಾಯವು ಇಗರ್ಜಿಯೂ ಪಾದ್ರಿಯೂ ಇಲ್ಲದಾದ ಕಾಲದಲ್ಲಿ ತನ್ನ ಭಕ್ತಿಯನ್ನು ಹೇಗೆ ಉಳಿಸಿಕೊಂಡಿತೆಂಬುದನ್ನು ಬಲ್ಲವರು ಕಡಿಮೆ. ಆ ವಿಷಯವಾಗಿ ವಾಚಕರ ಮುಂದೆ ನಾಲ್ಕು ಮಾತುಗಳನ್ನು ಇಡುವದೇ ಈ ಲೇಖನದ ಉದ್ದೇಶ.

ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಗೆದ್ದರು. 1560ರಲ್ಲಿ ಅಲ್ಲಿ ಇನ್‌ಕ್ವಿಜಿಶನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. ಅದರ ಅಂಜಿಕೆಯಿಂದ ಕೆಲವರು, ಯುದ್ಧ ಕ್ಷಾಮಗಳ ಬಾಧೆಯಿಂದ ಕೆಲವರು ಗಡಿ ದಾಟಿ ಕನ್ನಡ ಕರಾವಳಿಗೆ ಬಂದರು. ಸಾರಸ್ವತ ಮನೆತನಗಳು ತಮ್ಮ ಕುಲದೇವತೆಗಳನ್ನು ಹೊತ್ತುಕೊಂಡು ಬಂದವು. ಅಂಕೋಲೆಯ ಲಕ್ಷ್ಮೀನಾರಾಯಣ ಮಹಾಮಾಯೆಯರು ಹಾಗೆ ಬಂದ ದೈವಗಳೆಂದು ಪ್ರತೀತಿ ಇದೆ. ಕ್ರೈಸ್ತರಾಗಿದ್ದ ಅವರ ನೆರೆಯವರು ಕೊರಳ ಜಪಮಾಲೆಯನ್ನೂ ಕೊಂಕಣಿ ಮಾತನ್ನೂ ತಂದರು. ಒಂದೇ ಸಂಕಟವು ಇಬ್ಬರನ್ನೂ ಒಂದೇ ದಾರಿಯಲ್ಲಿ ನಡೆಸಿತೆಂಬುದನ್ನು ನಾವು ಮರೆಯಲಾಗದು.

ಹೀಗೆ ಬಂದವರಿಗೆ ಇಲ್ಲಿಯೂ ನೆಮ್ಮದಿ ಸುಲಭವಾಗಿ ದೊರೆಯಲಿಲ್ಲ. 1675ರಲ್ಲಿ ಶಿವಾಜಿ ಮಹಾರಾಜರು ಫೋಂಡೆಯ ಕೋಟೆಯನ್ನು ಹಿಡಿದು, ಅನಂತರ ಕಾರವಾರ, ಅಂಕೋಲೆ, ಶಿವೇಶ್ವರಗಳನ್ನು ವಿಜಾಪುರದವರಿಂದ ಗೆದ್ದುಕೊಂಡರು. ಆ ವರ್ಷಗಳಲ್ಲಿ ಈ ತೀರದಲ್ಲಿ ಸಂಚರಿಸಿದ ಇಂಗ್ಲಿಷ್ ವೈದ್ಯ ಜಾನ್ ಫ್ರಾಯರ್ ಅಂಕೋಲೆಯು ಅರೆಸುಟ್ಟು ಬಿಕೋ ಎನ್ನುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಇನ್ನೂ ತೆಂಕಣಕ್ಕೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳಿಕೆ. ವೀರಶೈವ ಮತದ ಈ ರಾಣಿಯು ಕೊಟ್ಟ ನೆಲದಲ್ಲಿಯೇ 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಎದ್ದಿತು. ಅದನ್ನು ಕಟ್ಟಿಸಿದವನು ಬಿಶಪ್ ತೋಮಾಸ್ ದ ಕಾಸ್ತ್ರೊ.

ಆದರೆ ಹೊರಗಿನ ಭಯಕ್ಕಿಂತ ಒಳಗಿನ ಒಡಕೇ ಆಗ ದೊಡ್ಡದಾಗಿತ್ತು. ಪೂರ್ವದೇಶಗಳ ಕ್ರೈಸ್ತ ಸಭೆಗೆ ಬಿಶಪ್ಪರನ್ನು ಸೂಚಿಸುವ ಹಕ್ಕನ್ನು ಪೋಪರು ಹಿಂದೆ ಪೋರ್ತುಗಾಲದ ರಾಜನಿಗೆ ಕೊಟ್ಟಿದ್ದರು. ಇದೇ ಪದ್ರುವಾದೊ. ಅನಂತರ 1622ರಲ್ಲಿ ರೋಮಿನಲ್ಲಿ ಪ್ರೊಪಗಾಂಡಾ ಎಂಬ ಮಂಡಲವು ಸ್ಥಾಪಿತವಾಗಿ, ಅದು ತನ್ನ ಪ್ರತಿನಿಧಿಗಳನ್ನು ನೇರವಾಗಿ ಕಳುಹತೊಡಗಿತು. ದ ಕಾಸ್ತ್ರೊ ಹುಟ್ಟಿನಿಂದ ಗೋವೆಯವನಾದರೂ ರೋಮಿನಿಂದ ನಿಯಮಿತನಾದವನು; ಗೋವೆಯ ಅಧಿಕಾರಿಗಳು ಅವನನ್ನು ಒಪ್ಪಲಿಲ್ಲ. ಒಬ್ಬರು ಕೊಟ್ಟ ಸಂಸ್ಕಾರವು ಸಲ್ಲದೆಂದು ಇನ್ನೊಬ್ಬರು ಸಾರುವರು. ಮಗುವಿನ ಜ್ಞಾನಸ್ನಾನವಾಗಲಿ ಮಗಳ ಮದುವೆಯಾಗಲಿ ದೇವರ ಮುಂದೆ ನಿಲ್ಲುವದೋ ಇಲ್ಲವೋ ಎಂಬ ಸಂಶಯವು ಮನೆಮನೆಯನ್ನು ಹೊಕ್ಕಿತು. ಬಡವನ ಮನೆ ಸುಟ್ಟರೆ ಮತ್ತೆ ಕಟ್ಟಬಹುದು. ಅವನ ನಂಬಿಕೆಯಲ್ಲಿಯೇ ಬಿರುಕು ಬಿಟ್ಟರೆ ಅದನ್ನು ಮುಚ್ಚುವವರು ಯಾರು?

ಇಂಥ ಹೊತ್ತಿನಲ್ಲಿ, 1681ರಲ್ಲಿ, ಗೋವೆಯಿಂದ ಕನ್ನಡ ಪ್ರಾಂತಕ್ಕೆ ಕಳುಹಲ್ಪಟ್ಟವರು ಪಾದ್ರಿ ಜೋಸೆಫ್ ವಾಜರು. ಅವರು 1651ನೆಯ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಕೊಂಕಣಿ ಮನೆತನವೊಂದರಲ್ಲಿ ಹುಟ್ಟಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಮರುವರ್ಷ ಸಾಂಕ್ವಾಳದಲ್ಲಿ, ತಾನು ಮಾತೆ ಮರಿಯಳ ದಾಸನೆಂದು ಸ್ವಹಸ್ತದಿಂದ ದಾಸ್ಯಪತ್ರವನ್ನು ಬರೆದುಕೊಟ್ಟರು. ಸ್ವಂತಕ್ಕೆ ದಾಸ್ಯವನ್ನು ಬರೆದುಕೊಂಡ ಈ ಮನುಷ್ಯನೇ ಕನ್ನಡ ನಾಡಿಗೆ ಬಂದು, ದಾಸ್ಯಕ್ಕೆ ಮಾರಲ್ಪಟ್ಟ ಕ್ರೈಸ್ತರನ್ನು ಬಿಡಿಸಲು ಶ್ರಮಿಸಿದನೆಂಬುದು ಅವರ ಚರಿತ್ರೆಯ ಸೊಗಸಾದ ಭಾಗ.

ಮಂಗಳೂರನ್ನು ಮುಟ್ಟಿದ ವಾಜರು ಜಗಳವನ್ನು ಬೆಳೆಯಿಸಲಿಲ್ಲ. ಬಿಶಪ್ಪನನ್ನು ಸ್ವತಃ ಕಂಡು ಅವನ ಅಧಿಕಾರಪತ್ರಗಳನ್ನು ವಿಚಾರಿಸಿ ವಿನಯದಿಂದ ನಡೆದುಕೊಂಡರು. ಜನರ ಮನಸ್ಸಿನ ಕಳವಳವನ್ನು ಕಳೆಯುವದೇ ಅವರಿಗೆ ಮುಖ್ಯವಾಗಿತ್ತು. ಬಸರೂರು, ಬಾರಕೂರು, ಗಂಗೊಳ್ಳಿ, ಹೊನ್ನಾವರಗಳವರೆಗೆ ಊರೂರು ನಡೆದು, ಜನರ ಮಾತಾದ ಕೊಂಕಣಿಯಲ್ಲಿಯೇ ಬೋಧಿಸಿದರು. ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಗೃಹಸ್ಥರೇ ಕೂಡಿ ನಡೆಯಿಸುವ ಭಕ್ತಮಂಡಲಿಗಳನ್ನು ಕಟ್ಟಿದರು. ಪಾದ್ರಿಯು ವರ್ಷಕ್ಕೊಮ್ಮೆ ಬರುವ ಹಳ್ಳಿಯಲ್ಲಿ ಉಳಿದ ದಿನಗಳ ಧರ್ಮವು ಮನೆಯವರ ಕೈಯಲ್ಲಿಯೇ ಇರಬೇಕಲ್ಲವೆ?

1684ರಲ್ಲಿ ಅವರು ಗೋವೆಗೆ ಮರಳಿದರು. ಅದೇ ವರ್ಷ ದ ಕಾಸ್ತ್ರೊ ಮಂಗಳೂರಿನಲ್ಲಿ ತೀರಿಕೊಂಡನು. ಮರುವರ್ಷ ವಾಜರು ಗೋವೆಯಲ್ಲಿ ದೇಶೀಯ ಪಾದ್ರಿಗಳ ಒರಾಟರಿ ಎಂಬ ಸಂಘವನ್ನು ಸೇರಿ ಅದನ್ನು ನೆಲೆಗೊಳಿಸಿದರು. ಐರೋಪ್ಯರ ಮಠಗಳು ನಮ್ಮವರಿಗೆ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಆಮೇಲೆ ಸಿಂಹಳ. ಡಚ್ಚರು 1658ರ ಹೊತ್ತಿಗೆ ಅಲ್ಲಿಯ ಪೋರ್ತುಗೀಜರನ್ನು ಓಡಿಸಿ ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿಯ ಭಕ್ತರಿಗೆ ಪಾದ್ರಿಯಿರಲಿಲ್ಲ. 1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ ದ್ವೀಪವನ್ನು ಹೊಕ್ಕರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಯಾದರು. ಸಿಡುಬಿನ ಉಪದ್ರವದಲ್ಲಿ ಮತಭೇದವಿಲ್ಲದೆ ರೋಗಿಗಳ ಶುಶ್ರೂಷೆ ಮಾಡಿದರು. ಕೊನೆಗೆ ಬೌದ್ಧ ಅರಸನ ಆಶ್ರಯದಲ್ಲಿಯೇ ಕೆಲಸ ಮಾಡಿ 1711ನೆಯ ಜನವರಿ 16ರಂದು ಕ್ಯಾಂಡಿಯಲ್ಲಿ ದೇಹವನ್ನಿಟ್ಟರು.

ಅವರು ಹೋದ ಮೇಲೆಯೂ ನಮ್ಮ ಕರಾವಳಿಯು ನಿರಾಶ್ರಿತರಿಗೆ ನೆಲೆಯಾಗಿಯೇ ಉಳಿಯಿತು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪೋರ್ತುಗೀಜರಿಂದ ಗೋವೆಯಿಂದ ಹೊರದೂಡಲ್ಪಟ್ಟ ಇಟಲಿಯ ಕಾರ್ಮೆಲ್ ಸಭೆಯ ಸನ್ಯಾಸಿಗಳು ಕಾರವಾರದ ಸುಂಕೇರಿಗೆ ಬಂದು ನೆಲಸಿದರು.

ನಿಜವಾದ ಪರೀಕ್ಷೆಯು ನೂರು ವರ್ಷಗಳ ತರುವಾಯ ಬಂದಿತು. ಎರಡನೆಯ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯವು ಟೀಪು ಸುಲ್ತಾನನಿಗೆ ಹುಟ್ಟಿತು. 1784ರಲ್ಲಿ ಅವರನ್ನು ಕುಟುಂಬಸಮೇತ ಹಿಡಿದು ಘಟ್ಟವನ್ನು ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಸೆರೆಯಾದವರು ಮೂವತ್ತು ಸಾವಿರವೆಂದು ಕೆಲವರು, ಅರವತ್ತು ಸಾವಿರವೆಂದು ಕೆಲವರು ಹೇಳುವರು. ದಾರಿಯಲ್ಲಿ ಸತ್ತವರು ಬಹಳ. ಪಾದ್ರಿಗಳು ಗಡಿಪಾರಾದರು. ಮಿಲಾಗ್ರಿಸ್ ಮೊದಲಾಗಿ ಹೆಚ್ಚಿನ ಇಗರ್ಜಿಗಳು ನೆಲಸಮವಾದವು. ಮೂಡಬಿದಿರೆಯ ಸಮೀಪದ ಹೊಸಪೇಟೆಯ ಇಗರ್ಜಿಯು ಜೈನರಾದ ಚೌಟ ಅರಸರ ಸ್ನೇಹದಿಂದ ಉಳಿಯಿತೆಂದು ಹೇಳುವರು.

ಹದಿನೈದು ವರ್ಷಗಳ ಸೆರೆಯೆಂದರೆ ಒಂದು ತಲೆಮಾರೇ ಸರಿ. ಅಲ್ಲಿ ಹುಟ್ಟಿದ ಮಗುವು ಇಗರ್ಜಿಯ ಗಂಟೆಯನ್ನು ಕೇಳಲಿಲ್ಲ. ಬಲಾತ್ಕಾರದಿಂದ ಮತ ಬದಲಿಸಬೇಕಾದವರು ಎಷ್ಟೋ ಮಂದಿ. ಆದರೂ 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದೊಡನೆ, ಬದುಕಿ ಉಳಿದವರಲ್ಲಿ ಬಹಳ ಜನ ಘಟ್ಟವಿಳಿದು ತಮ್ಮ ಊರುಗಳನ್ನೂ ತಮ್ಮ ಧರ್ಮವನ್ನೂ ಹುಡುಕಿಕೊಂಡು ಬಂದರು. ಬಿದ್ದ ಇಗರ್ಜಿಗಳು ಮತ್ತೆ ಎದ್ದವು. ಕಲಿಸುವ ಗುರುವಿಲ್ಲದೆ ಇದು ಹೇಗೆ ಸಾಧ್ಯವಾಯಿತು? ನನಗೆ ತೋರುವ ಉತ್ತರವೊಂದೇ: ಆ ಧರ್ಮವು ಅಷ್ಟರಲ್ಲಿ ಮನೆಯ ಧರ್ಮವಾಗಿತ್ತು. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮುಸ್ಸಂಜೆಗೆ ಎಲ್ಲರೂ ಕೂಡಿ ತೇರ್ಸು ಎಂಬ ಜಪಮಾಲೆಯ ಪ್ರಾರ್ಥನೆಯನ್ನು ಹೇಳುವರು. ಅದು ಮುಗಿದೊಡನೆ ಕಿರಿಯರು ಹಿರಿಯರ ಬಳಿ ಬೆಸಾಂವ್, ಅಂದರೆ ಆಶೀರ್ವಾದವನ್ನು ಬೇಡುವರು. ಇದಕ್ಕೆ ಕಟ್ಟಡ ಬೇಡ, ಪಾದ್ರಿ ಬೇಡ. ಬಾಯಿಪಾಠವೂ ಒಬ್ಬ ಅಜ್ಜಿಯೂ ಇದ್ದರೆ ಸಾಕು. ಊರೂರು ನಡೆದು ಭಕ್ತಿಯನ್ನು ಗೃಹಸ್ಥರ ಕೈಗೆ ಒಪ್ಪಿಸಿದ ಜೋಸೆಫ್ ವಾಜರಂಥವರ ದುಡಿಮೆಯು ಇಲ್ಲಿ ಫಲಕೊಟ್ಟಿತೆಂದರೆ ತಪ್ಪಾಗಲಾರದು.

1976ರಲ್ಲಿ ಕಾರವಾರವು ಪ್ರತ್ಯೇಕ ಧರ್ಮಪ್ರಾಂತವಾಯಿತು. 2015ನೆಯ ಜನವರಿ 14ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರು ವಾಜರನ್ನು ಸಂತರೆಂದು ಘೋಷಿಸಿದರು. ಈ ಗೌರವಗಳು ದೊಡ್ಡವೇ. ಆದರೆ ಈ ಚರಿತ್ರೆಯಲ್ಲಿ ನಮಗೆಲ್ಲರಿಗೂ, ಯಾವ ಮತದವರೇ ಆಗಿರಲಿ, ಸಲ್ಲುವ ಮಾತು ಎರಡು. ನೆಲವನ್ನು ಕೊಟ್ಟ ವೀರಶೈವ ರಾಣಿ, ಇಗರ್ಜಿಯನ್ನು ಕಾದ ಜೈನ ಅರಸ, ಆಶ್ರಯವಿತ್ತ ಬೌದ್ಧ ದೊರೆ ಇವರಿಲ್ಲದೆ ಈ ಕಥೆಯು ಪೂರ್ತಿಯಾಗದು. ಮತ್ತು ಕಷ್ಟಕಾಲದ ಭರವಸೆಯು ಗೋಪುರದಲ್ಲಿ ಅಡಗಿರುವದಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕರೆದು ಕೂರಿಸಿಕೊಳ್ಳುವ ಮನೆಯಲ್ಲಿ ಅದು ಉಳಿದಿರುವದು.