ಹಾರ್ವರ್ಡಿನ ಇಬ್ಬರು ಹುಡುಗರು

ಕೆಲವು ತಿಂಗಳ ಹಿಂದೆ ನೆಂಟರ ಮನೆಯ ಮದುವೆಯೊಂದಕ್ಕೆ ಹೋಗಿದ್ದೆ. ಊಟ ಮುಗಿದು ಗಂಡಸರೆಲ್ಲ ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದಾಗ ಒಬ್ಬರು ತಮ್ಮ ಮಗನನ್ನು ಕರೆದರು. ಐದನೇ ತರಗತಿಯ ಹುಡುಗ, ಎಂಟನೇ ತರಗತಿಯ ಲೆಕ್ಕ ಮಾಡುತ್ತಾನಂತೆ. 'ನಲವತ್ತೇಳು ಹತ್ತೊಂಬತ್ತಲ ಎಷ್ಟು, ಹೇಳು ಬೇಟಾ' ಎಂದರು. ಹುಡುಗ ಕಣ್ಣು ಮುಚ್ಚಿ, 'ಎಂಟುನೂರ ತೊಂಬತ್ತಮೂರು' ಎಂದ. ಎಲ್ಲರೂ 'ಮಾಷಾ ಅಲ್ಲಾಹ್' ಎಂದರು. ನಾನು ಗಮನಿಸಿದ್ದು ಬೇರೆ. ಉತ್ತರ ಹೇಳಿದ ಹುಡುಗ ನಮ್ಮ ಯಾರ ಕಡೆಗೂ ತಿರುಗಲಿಲ್ಲ, ಅಪ್ಪನ ಮುಖ ನೋಡಿದ.

ಆ ನೋಟ ನನಗೆ ನೂರು ವರ್ಷಕ್ಕೂ ಹಿಂದಿನ ಇಬ್ಬರು ಹುಡುಗರನ್ನು ನೆನಪಿಸಿತು.

1910ರ ಜನವರಿ 5. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಗಣಿತ ಸಂಘದ ಮುಂದೆ ಒಂದು ಉಪನ್ಯಾಸ ನಡೆಯಿತು. ವಿಷಯ, ನಾಲ್ಕು ಆಯಾಮಗಳ ಆಕೃತಿಗಳು. ಉಪನ್ಯಾಸಕನ ವಯಸ್ಸು ಹನ್ನೊಂದು. ಹೆಸರು ವಿಲಿಯಂ ಜೇಮ್ಸ್ ಸಿಡಿಸ್. ಕೇಳುತ್ತ ಕುಳಿತವರಲ್ಲಿ ಹದಿನೈದರ ಇನ್ನೊಬ್ಬ ಹುಡುಗನಿದ್ದ. ಹದಿನಾಲ್ಕನೇ ವಯಸ್ಸಿಗೇ ಪದವಿ ಮುಗಿಸಿ ಸ್ನಾತಕೋತ್ತರ ವ್ಯಾಸಂಗಕ್ಕೆ ಬಂದಿದ್ದ ನಾರ್ಬರ್ಟ್ ವೀನರ್. ಆ ಭಾಷಣ ಯಾವ ವಯಸ್ಸಿನ ಸ್ನಾತಕೋತ್ತರ ವಿದ್ಯಾರ್ಥಿಗೂ ಗೌರವ ತರುವಂಥದ್ದಾಗಿತ್ತು ಎಂದು ವೀನರ್ ಮುಂದೆ ಆತ್ಮಕಥೆಯಲ್ಲಿ ನೆನೆದುಕೊಂಡಿದ್ದಾರೆ.

ಇಬ್ಬರ ಮನೆಗಳೂ ಒಂದೇ ಅಚ್ಚಿನವು. ಇಬ್ಬರ ತಂದೆಯರೂ ರಷ್ಯಾ ಸಾಮ್ರಾಜ್ಯ ಬಿಟ್ಟು ಅಮೆರಿಕಕ್ಕೆ ವಲಸೆ ಬಂದ ಯಹೂದಿಗಳು. ಬೋರಿಸ್ ಸಿಡಿಸ್ ಮನಶ್ಶಾಸ್ತ್ರಜ್ಞ, ಲಿಯೊ ವೀನರ್ ಹಾರ್ವರ್ಡಿನಲ್ಲಿ ಸ್ಲಾವ್ ಭಾಷೆಗಳ ಪ್ರಾಧ್ಯಾಪಕ. ಬರಿಗೈಯಲ್ಲಿ ಬಂದವರಿಗೆ ವಿದ್ಯೆಯೇ ಆಸ್ತಿ. ಪ್ರತಿಭೆ ಹುಟ್ಟಿನಿಂದ ಬರುವುದಲ್ಲ, ಸರಿಯಾದ ತಾಲೀಮು ಸಿಕ್ಕರೆ ಯಾವ ಮಗುವೂ ಹೀಗಾಗಬಲ್ಲದು ಎಂಬುದು ಇಬ್ಬರ ವಾದ. ಆ ವಾದಕ್ಕೆ ಇಬ್ಬರ ಬಳಿಯೂ ಇದ್ದ ಪುರಾವೆ ಒಂದೇ, ತಮ್ಮ ಮಗ.

ಲಿಯೊ ವೀನರ್ ಮೃದು ಉಸ್ತಾದರೇನಲ್ಲ. ಪಾಠ ನಗುನಗುತ್ತ ಶುರುವಾಗುತ್ತಿತ್ತು. ಲೆಕ್ಕದಲ್ಲಿ ಮೊದಲ ತಪ್ಪು ಬಿದ್ದೊಡನೆ ಅಪ್ಪನೇ ಬೇರೆ ಮನುಷ್ಯನಾಗಿಬಿಡುತ್ತಿದ್ದ, ಮಗ ಅಳುವವರೆಗೂ ಬೈಗುಳ. ಎಂಟನೇ ವಯಸ್ಸಿನಲ್ಲಿ ಕಣ್ಣು ಕೆಟ್ಟು, ಆರು ತಿಂಗಳು ಓದಕೂಡದೆಂದು ವೈದ್ಯರು ಹೇಳಿದಾಗಲೂ ಪಾಠ ನಿಲ್ಲಲಿಲ್ಲ. ಬೀಜಗಣಿತವೆಲ್ಲ ಬಾಯಲ್ಲೇ ನಡೆಯಿತು. 1911ರಲ್ಲಿ ಪತ್ರಿಕೆಯೊಂದರಲ್ಲಿ ಆ ತಂದೆ, ತನ್ನ ಮಗ ಅಸಾಧಾರಣನೇನಲ್ಲ, ಎಲ್ಲ ತಾಲೀಮಿನ ಫಲ ಎಂಬ ಮಾತಾಡಿದರು. ಅದನ್ನು ಓದಿದ ಮಗನಿಗೆ ಅನಿಸಿದ್ದಿಷ್ಟೇ: ಗೆದ್ದರೆ ಅದು ಅಪ್ಪನದು, ಸೋತರೆ ಮಾತ್ರ ನನ್ನದು. ಖಿನ್ನತೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಆದರೂ ಲಿಯೊ ಒಂದು ಜಾಣತನ ಮಾಡಿದ್ದರು. ಮಗನನ್ನು ಸೇರಿಸಿದ್ದು ಏಯರ್ ಎಂಬ ಸಣ್ಣ ಊರಿನ ಹೈಸ್ಕೂಲಿಗೆ. ತನಗಿಂತ ಬಹಳ ದೊಡ್ಡವರ ನಡುವೆ ಕುಳಿತ ಆ ಮಗು ಒಮ್ಮೆ ಪಾಠ ಒಪ್ಪಿಸುವಾಗ ಟೀಚರಮ್ಮನ ಮಡಿಲನ್ನೇ ಏರಿಬಿಟ್ಟಿತಂತೆ. 1906ರಲ್ಲಿ ಕಾಲೇಜು ಸೇರುವ ಹೊತ್ತಿಗೆ ಹುಡುಗನಿಗೆ ಹನ್ನೊಂದು ವರ್ಷ. ತಾನೇ ಪಾಠ ಮಾಡುವ ಹಾರ್ವರ್ಡ್ ಹತ್ತಿರದಲ್ಲೇ ಇದ್ದರೂ ಲಿಯೊ ಮಗನನ್ನು ಕಳುಹಿಸಿದ್ದು ಪಕ್ಕದ ಚಿಕ್ಕ ಟಫ್ಟ್ಸ್ ಕಾಲೇಜಿಗೆ. ಹಾರ್ವರ್ಡ್ ಎಂದರೆ ಪತ್ರಿಕೆಯವರು ಮುತ್ತಿಕೊಳ್ಳುತ್ತಾರೆ ಎಂಬ ಅಂಜಿಕೆ ಅವರಿಗಿತ್ತು.

ಬೋರಿಸ್‌ಗೆ ಆ ಅಂಜಿಕೆ ಇರಲಿಲ್ಲ. ಒಂಬತ್ತರ ವಯಸ್ಸಿನಲ್ಲಿ ಎಳೆಯನೆಂದು ಹಿಂದಕ್ಕೆ ಕಳುಹಿಸಿದ ಹಾರ್ವರ್ಡ್ 1909ರಲ್ಲಿ ಸಿಡಿಸ್‌ನನ್ನು ಸೇರಿಸಿಕೊಂಡಿತು. ಪತ್ರಿಕೆಗಳು ಅವನ ಬೆನ್ನು ಹತ್ತಿದವು. 1914ರಲ್ಲಿ, ಹದಿನಾರಕ್ಕೆ, ಪದವಿ ಬಂತು. ಬಳಿಕ ಟೆಕ್ಸಾಸಿನ ರೈಸ್ ಸಂಸ್ಥೆಯಲ್ಲಿ ತನಗಿಂತ ದೊಡ್ಡವರಿಗೆ ಗಣಿತ ಕಲಿಸಲು ಹೋಗಿ, ವರ್ಷ ತುಂಬುವ ಮೊದಲೇ ಹಿಂದಿರುಗಿದ. ಕಾನೂನು ಓದಲು ಸೇರಿ ಪದವಿ ಪಡೆಯದೆ ಬಿಟ್ಟ. 1919ರ ಮೇ ದಿನದ ಮೆರವಣಿಗೆಯಲ್ಲಿ ಬಂಧನವಾಯಿತು. ಆಮೇಲೆ ಅವನು ಮಾಡಿದ್ದೆಲ್ಲ ಲೆಕ್ಕದ ಯಂತ್ರ ಒತ್ತುವ ಸಣ್ಣ ಗುಮಾಸ್ತಗಿರಿ. ಅವನ ಪ್ರೀತಿಯ ಹವ್ಯಾಸ ಟ್ರಾಮ್ ಟಿಕೆಟ್ ಕೂಡಿಡುವುದು. 1926ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ, ಬೇರೆ ಹೆಸರಿನಲ್ಲಿ.

ಸೋತ ಎಂದು ಜನ ನಕ್ಕರು. ಬೆಳಕಿನಿಂದ ತಪ್ಪಿಸಿಕೊಂಡ ಎಂದು ನನಗನಿಸುತ್ತದೆ. ಆದರೆ ಬೆಳಕು ಬಿಡಲಿಲ್ಲ. 1937ರಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆ ಅವನ ಬಾಡಿಗೆ ಕೋಣೆಯನ್ನು ಹುಡುಕಿ ಅಣಕದ ಲೇಖನ ಬರೆಯಿತು. ಸಿಡಿಸ್ ದಾವೆ ಹೂಡಿದ. 1940ರಲ್ಲಿ ಮೇಲ್ಮನವಿ ನ್ಯಾಯಾಲಯ ಲೇಖನ ನಿರ್ದಯವಾದದ್ದೆಂದು ಒಪ್ಪಿತು, ಆದರೂ ತೀರ್ಪು ಪತ್ರಿಕೆಯ ಕಡೆಗೇ ಆಯಿತು. ಒಮ್ಮೆ ಸಾರ್ವಜನಿಕ ವ್ಯಕ್ತಿಯಾಗಿದ್ದವನ ಬಗ್ಗೆ ಜನರಿಗೆ ಕುತೂಹಲ ಸಹಜ ಎಂಬುದು ಕಾರಣ. ಹನ್ನೊಂದರಲ್ಲಿ ದೊಡ್ಡವರು ಹತ್ತಿಸಿದ ವೇದಿಕೆ ನಲವತ್ತೆರಡರಲ್ಲಿ ಅವನ ವಿರುದ್ಧವೇ ಸಾಕ್ಷಿ ಹೇಳಿತು! 1944ರಲ್ಲಿ, ನಲವತ್ತಾರನೇ ವಯಸ್ಸಿಗೆ, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡ.

ವೀನರ್ 1948ರಲ್ಲಿ 'ಸೈಬರ್ನೆಟಿಕ್ಸ್' ಬರೆದು ಜಗದ್ವಿಖ್ಯಾತರಾದರು. ಐದು ವರ್ಷಗಳ ನಂತರದ ಆತ್ಮಕಥೆಯಲ್ಲಿ ಸಿಡಿಸ್‌ನ ಪರ ನಿಂತು ಆ ಲೇಖನದ ಕ್ರೌರ್ಯವನ್ನು ಖಂಡಿಸಿದರು. ಅಂದು ಸಭೆಯಲ್ಲಿ ಕುಳಿತು ಕೇಳಿದ ಹುಡುಗ ಕಿರಿಯ ಗೆಳೆಯನ ಋಣ ತೀರಿಸಿದ್ದು ಹೀಗೆ.

ಹಾಗಾದರೆ ಜಾಣ ಮಕ್ಕಳನ್ನು ಮುಂದೆ ಓಡಲು ಬಿಡಬಾರದೇ? ಇತಿಹಾಸ ಹಾಗೆ ಹೇಳುವುದಿಲ್ಲ. 1971ರಿಂದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೂಲಿಯನ್ ಸ್ಟ್ಯಾನ್ಲಿ ಇಂಥ ಸಾವಿರಾರು ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸುವ ಅಧ್ಯಯನ ಆರಂಭಿಸಿದರು. ವೇಗವಾಗಿ ಓದಿದ ಮಾತ್ರಕ್ಕೆ ಮಕ್ಕಳು ಕೆಡುತ್ತಾರೆಂಬುದು ಅದರಲ್ಲಿ ಸಾಬೀತಾಗಲಿಲ್ಲ. ಆಸ್ಟ್ರೇಲಿಯಾದ ಟೆರೆನ್ಸ್ ಟಾವೊ ಎಂಟರ ಸುಮಾರಿಗೆ ಹೈಸ್ಕೂಲಿನ ಗಣಿತ ಕಲಿಯುತ್ತಿದ್ದ. ಆದರೂ ತಂದೆತಾಯಿ ಅವನನ್ನು ಪೂರ್ತಿಯಾಗಿ ಕಾಲೇಜಿಗೆ ಒಪ್ಪಿಸಲು ಕೆಲವು ವರ್ಷ ಕಾದರು. 2006ರಲ್ಲಿ ಅವರಿಗೆ ಗಣಿತದ ಫೀಲ್ಡ್ಸ್ ಪದಕ ಬಂತು. ಹಸಿದ ಮಗುವಿಗೆ ಅನ್ನ ಬಡಿಸುವುದು ತಪ್ಪಲ್ಲ. ಅದು ಉಣ್ಣುವುದನ್ನು ನೋಡಲು ಊರನ್ನು ಕರೆಯುವುದು ತಪ್ಪು.

ಮದುವೆ ಮನೆಯಲ್ಲಿ ಚಪ್ಪಾಳೆ ಮುಗಿದ ಮೇಲೆ ಇನ್ನೊಂದು ಲೆಕ್ಕ ಕೊಡಲು ಯಾರೋ ಸಿದ್ಧರಾಗಿದ್ದರು. ಹೊರಗೆ ಶಾಮಿಯಾನದ ಹಗ್ಗ ಹಿಡಿದು ಮಕ್ಕಳು ಜೋತಾಡುತ್ತಿದ್ದರು. 'ಹೋಗು, ಆಡ್ಕೋ' ಎಂದೆ. ಹುಡುಗ ಕಾಲು ಕೀಳಲಿಲ್ಲ, ಮತ್ತೆ ಅಪ್ಪನ ಮುಖ ನೋಡಿದ.